ಹದಿಮೂರು ಸುರುಳಿಗಳು

ಸೆಡ್ರಿಕ್‌ನ ಕೆಲಸ ಹೋದ ವಾರವೇ ಅವನ ತಾಯಿಗೆ ಹಾಲೆಂಡಿನಿಂದ ಪತ್ರ ಬಂತು. ೨೦೧೬ರ ಮೇ ತಿಂಗಳು. ಎಣ್ಣೆಯ ಬೆಲೆ ಇಳಿದು ಅಬುಧಾಬಿಯ ಆಫೀಸುಗಳಲ್ಲಿ ವಾರಕ್ಕೆ ಇಬ್ಬರು ಮೂವರಂತೆ ಮನೆಗೆ ಹೋಗುತ್ತಿದ್ದ ಕಾಲ. ಇಪ್ಪತ್ತೊಂದು ವರ್ಷ ಪೈಪ್‌ಲೈನುಗಳ ನಕ್ಷೆ ಬರೆದಿದ್ದ ಸೆಡ್ರಿಕ್‌ನನ್ನು ಒಂದು ಗುರುವಾರ ಮಧ್ಯಾಹ್ನ ಕರೆದು, ಐದು ನಿಮಿಷ ಮಾತಾಡಿ, ಕಾಗದ ಕೊಟ್ಟು ಕಳಿಸಿದರು. ಅವನು ತನ್ನ ಸ್ಕೇಲು, ಪೆನ್ಸಿಲ್ ಡಬ್ಬಿ, ಚಹಾದ ಮಗ್ಗು ಇಷ್ಟನ್ನು ಒಂದು ಚೀಲದಲ್ಲಿ ಹಾಕಿಕೊಂಡು ಖಾಲಿದಿಯಾ ಬಡಾವಣೆಯ ಮನೆಗೆ ಬಂದ.

ತಾಯಿಗೆ ಪತ್ರ ಬಂದದ್ದು ಭಾನುವಾರ. ಅವಳ ಹುಟ್ಟೂರಿನ ಚಿಕ್ಕ ಮ್ಯೂಸಿಯಂನವರು ಬರೆದಿದ್ದರು: ಊರು ಬಿಟ್ಟು ಹೋಗಿ ಪರದೇಶದಲ್ಲಿ ಚಿತ್ರ ಬರೆದ ಹೆಂಗಸರ ಬಗ್ಗೆ ಪ್ರದರ್ಶನ ಮಾಡುತ್ತಿದ್ದೇವೆ, ನಿಮಗಾಗಿ ಒಂದು ಇಡೀ ಕೋಣೆ ಕೊಡುತ್ತೇವೆ. ಆಗಸ್ಟ್ ಕೊನೆಗೆ ನಮ್ಮವರೊಬ್ಬರು ಅಲ್ಲಿಗೆ ಬಂದು ಚಿತ್ರಗಳನ್ನು ನೋಡುತ್ತಾರೆ, ಸಾಗಿಸುವ ಖರ್ಚೆಲ್ಲ ನಮ್ಮದು.

ಅಲೈಡಾಳಿಗೆ ಎಪ್ಪತ್ತಮೂರು. ಪತ್ರವನ್ನು ಅವಳು ಊಟದ ಮೇಜಿನಲ್ಲಿ ಕೊಂಕಣಿಗೆ ತಿರುಗಿಸಿ ಓದಿದಳು. ಸೊಸೆ ಮಾರ್ಟಿನಾ ಬಂಗುಡೆ ಹುರಿದದ್ದನ್ನು ಬಡಿಸುತ್ತಾ ಒಳ್ಳೆಯದಾಯಿತು ಎಂದಳು. ಮೊಮ್ಮಗಳು ಒಲಿವಿಯಾ ಎದ್ದು ಬಂದು ಅಜ್ಜಿಯ ಕುತ್ತಿಗೆ ತಬ್ಬಿಕೊಂಡಳು. ಅವಳು ಅಜ್ಜಿಯನ್ನು ಕರೆಯುತ್ತಿದ್ದದ್ದು ಡಚ್ಚರ ಹಾಗೆ, ಒಮಾ ಅಂತ. ಸೆಡ್ರಿಕ್ ಮೀನಿನ ಮುಳ್ಳು ಬಿಡಿಸುತ್ತಾ, ಆಗಸ್ಟಿಗೆ ನಾವು ಎಲ್ಲಿರುತ್ತೇವೆ ಅನ್ನುವುದೇ ಗೊತ್ತಿಲ್ಲ ಎಂದ.

ಅಲೈಡಾ ಅಬುಧಾಬಿಗೆ ಬಂದದ್ದು ೧೯೭೪ರಲ್ಲಿ. ಚಿತ್ರಕಲೆಯ ಶಾಲೆ ಮುಗಿಸಿ, ಹೂಳೆತ್ತುವ ಡಚ್ ಕಂಪೆನಿಯ ಇಂಜಿನಿಯರೊಬ್ಬನ ಮಕ್ಕಳಿಗೆ ಪಾಠ ಹೇಳಲು ಒಂದು ವರ್ಷಕ್ಕೆಂದು ಬಂದವಳು. ಅದೇ ಕಂಪೆನಿಯಲ್ಲಿ ಟೈಮ್‌ಕೀಪರ್ ಆಗಿದ್ದ ಕಿನ್ನಿಗೋಳಿಯ ರುಡೊಲ್ಫ್‌ನನ್ನು ಮದುವೆಯಾದಳು. ಇಂಜಿನಿಯರ್ ಮನೆಯವರು ಮಾತು ಬಿಟ್ಟರು, ಕಿನ್ನಿಗೋಳಿಯವರು ಎರಡು ವರ್ಷ ಕಾಗದ ಬರೆಯಲಿಲ್ಲ. ಅವಳು ಮೀನುಸಾರು ಕಲಿತಳು, ಕೊಂಕಣಿ ಕಲಿತಳು, ಸೆಡ್ರಿಕ್ ಮತ್ತು ರೀಮಾರನ್ನು ಹೆತ್ತಳು. ಪ್ರತಿ ಸಲ ವೀಸಾ ಹೊಸದು ಮಾಡುವಾಗಲೂ ಪಾಸ್‌ಪೋರ್ಟಿನಲ್ಲಿ ಗೃಹಿಣಿ, ಕೆಲಸ ಮಾಡುವಂತಿಲ್ಲ ಎಂಬ ಮುದ್ರೆ ಬೀಳುತ್ತಿತ್ತು. ಶುಕ್ರವಾರಗಳಲ್ಲಿ ಒಂದು ಹೋಟೆಲಿನ ಲಾಬಿಯಲ್ಲಿ ಕೂತು ಒಂಟೆ, ಹಾಯಿದೋಣಿ, ಖರ್ಜೂರದ ಮರ ಇವುಗಳ ಸಣ್ಣ ಚಿತ್ರಗಳನ್ನು ಮಾರುತ್ತಿದ್ದಳು. ಇಬ್ಬರು ಮಕ್ಕಳ ಸ್ಕೂಲ್ ಫೀಸು ಬಹುಪಾಲು ಆ ಒಂಟೆಗಳಿಂದಲೇ ಹುಟ್ಟಿತು.

ತನಗಾಗಿ ಬರೆದದ್ದನ್ನು ಮಾತ್ರ ಮಾರಲಿಲ್ಲ. ಬಸ್ಸಿನ ನೆರಳಲ್ಲಿ ಸಾಲಾಗಿ ಮಲಗಿದ ಕೂಲಿಗಳು, ಮೀನು ಮಾರ್ಕೆಟ್ಟಿನ ಐಸಿನ ಮೇಲೆ ಕೈಯೂರಿದವರು, ಎಂಟು ಜನರ ಕೋಣೆಯಲ್ಲಿ ಒಂದೇ ಕನ್ನಡಿಯ ಮುಂದೆ ಕ್ಷೌರ ಮಾಡಿಕೊಳ್ಳುವವರು, ಅಡುಗೆಮನೆಯಲ್ಲಿ ನಿಂತೇ ಉಣ್ಣುವ ಹೆಂಗಸರು. ಐದು ಸಲ ಕ್ಲಬ್ಬುಗಳ ಹಾಲಿನಲ್ಲಿ ಪ್ರದರ್ಶನ ಮಾಡಿದಳು. ಬಂದವರು ಒಂಟೆಯ ಚಿತ್ರ ಉಂಟಾ ಎಂದು ಕೇಳಿ ಹೋದರು. ಅವಳು ಬಣ್ಣವನ್ನು ಬ್ರಷ್ಷಿಗಿಂತ ಹೆಚ್ಚಾಗಿ ಚಾಕುವಿನಲ್ಲಿ ದಪ್ಪಕ್ಕೆ ಹಚ್ಚುತ್ತಿದ್ದಳು. ದೋಸೆಗೆ ಬೆಣ್ಣೆ ಮೆತ್ತುವಂತೆ ಎಂದು ಮಾರ್ಟಿನಾ ತನ್ನ ತಾಯಿಗೆ ಫೋನಿನಲ್ಲಿ ಹೇಳಿ ನಗುತ್ತಿದ್ದಳು. ಹಾಗೆ ಉಳಿದ ಅರುವತ್ತೊಂದು ಚಿತ್ರಗಳು ಮನೆಯ ಮಧ್ಯದ ಕೋಣೆಯಲ್ಲಿ ಗೋಡೆಗೊರಗಿ ನಿಂತಿದ್ದವು. ಹದಿನಾರರ ಒಲಿವಿಯಾ ಐದು ವರ್ಷದಿಂದ ಹಾಲಿನ ದಿವಾನದಲ್ಲಿ ಮಲಗುತ್ತಿದ್ದಳು.

ಪತ್ರ ಬಂದ ಮರುದಿನದಿಂದ ಅಲೈಡಾ ಒಂದೊಂದೇ ಚಿತ್ರವನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸಿ ಹೊಸದಾಗಿ ವಾರ್ನಿಷ್ ಹಾಕತೊಡಗಿದಳು. ಧೂಳು ಕೂರಬಾರದೆಂದು ಕಿಟಕಿ ಮುಚ್ಚಿ, ಏಸಿ ಹಾಕಿ, ದಿನಕ್ಕೆ ಮೂರು. ಆ ವಾಸನೆ ಅನ್ನಕ್ಕೂ ಹತ್ತಿತು, ಮಾರ್ಟಿನಾಳ ಯೂನಿಫಾರ್ಮಿಗೂ ಹತ್ತಿತು. ಕ್ಲಿನಿಕ್ಕಿನಲ್ಲಿ ರೋಗಿಯೊಬ್ಬ, ಸಿಸ್ಟರ್, ನಿಮ್ಮಲ್ಲಿ ಮನೆಗೆ ಪೈಂಟ್ ಮಾಡ್ತಿದ್ದಾರಾ ಎಂದು ಕೇಳಿದನಂತೆ. ಮಾರ್ಟಿನಾ ಬಂದು ಅದನ್ನೇ ಹೇಳಿದಳು. ಅಲೈಡಾ ಕ್ಷಮೆ ಕೇಳಿ ಮರುದಿನ ಮತ್ತೆ ಮೂರು ಚಿತ್ರ ಮುಗಿಸಿದಳು.

ಜೂನ್ ಹೊತ್ತಿಗೆ ಸಂಗತಿಗಳು ತಾವೇ ತೀರ್ಮಾನವಾಗಿದ್ದವು. ರುಡೊಲ್ಫ್ ತೀರಿಕೊಂಡ ಮೇಲೆ ಅಲೈಡಾಳ ವೀಸಾ ಇದ್ದದ್ದು ಮಗನ ಕೆಲಸದ ಮೇಲೆ. ಅದು ರದ್ದಾಯಿತು. ನರ್ಸ್ ಸಂಬಳದಲ್ಲಿ ಮಾರ್ಟಿನಾ ಗಂಡನನ್ನೂ ಮಗಳನ್ನೂ ತನ್ನ ವೀಸಾದ ಕೆಳಗೆ ತಂದುಕೊಳ್ಳಬಹುದಿತ್ತು, ಅತ್ತೆಗೆ ಆ ಸಂಬಳ ಸಾಲದು. ಡಚ್ ಪಾಸ್‌ಪೋರ್ಟ್ ಇದ್ದುದರಿಂದ ಅಲೈಡಾ ಗಡಿ ದಾಟಿ ಒಮಾನಿಗೆ ಹೋಗಿ ಬಂದರೆ ತೊಂಬತ್ತು ದಿನ ಇರಬಹುದಿತ್ತು, ಅಷ್ಟೇ. ಖಾಲಿದಿಯಾದ ಬಾಡಿಗೆ ಕಟ್ಟಲಾಗದೆ ಮಾರ್ಟಿನಾ ಕೇಳಿಕೊಂಡು ಕ್ಲಿನಿಕ್ಕಿನ ದುಬೈ ಶಾಖೆಗೆ ವರ್ಗ ಮಾಡಿಸಿಕೊಂಡಳು. ಸಿಲಿಕಾನ್ ಓಯಸಿಸ್‌ನಲ್ಲಿ ಒಂದು ಬೆಡ್‌ರೂಮಿನ ಮನೆ ಸಿಕ್ಕಿತು. ನಾಲ್ಕು ಜನ, ಒಂದು ಫ್ರಿಜ್ಜು, ಒಂದು ಬಟ್ಟೆ ಒಗೆಯುವ ಯಂತ್ರ. ಅರುವತ್ತೊಂದು ಚಿತ್ರಗಳಿಗೆ ಜಾಗವಿರಲಿಲ್ಲ.

ಏಸಿ ಇರುವ ಗೋದಾಮುಗಳಿವೆ, ತಿಂಗಳ ಬಾಡಿಗೆಗೆ ಕೊಡುತ್ತಾರೆ, ಎರಡೇ ತಿಂಗಳ ಮಾತು ಎಂದು ಅಲೈಡಾ ಹೇಳಿದಳು. ಮಾರ್ಟಿನಾ ಡ್ಯೂಟಿಯಿಂದ ಬಂದು ಶೂ ಕೂಡ ಬಿಚ್ಚಿರಲಿಲ್ಲ.

"ಮಾಯಿ, ನಾನು ಹನ್ನೆರಡು ಗಂಟೆ ನಿಂತು ದುಡಿದು ಬರ್ತೇನೆ," ಎಂದಳು. "ನಿಮ್ಮ ಚಿತ್ರಗಳಿಗೆ ಏಸಿ, ನನ್ನ ಮಗಳಿಗೆ ಹಾಲಿನ ದಿವಾನ. ಇಷ್ಟು ವರ್ಷ ಎಂತಾದ್ರೂ ಹೇಳಿದ್ದೇನಾ ನಾನು?"

"ಎರಡು ತಿಂಗಳು ಮಾತ್ರ ಮಾರ್ಟಿನಾ. ನಲವತ್ತು ವರ್ಷ ಕಾದಿದ್ದೇನೆ ನಾನು."

"ಕಾದದ್ದು ನೀವು. ಬಾಡಿಗೆ ಕಟ್ಟಿದ್ದು ನಿಮ್ಮ ಮಗ."

ಅಲೈಡಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಸೆಡ್ರಿಕ್ ಅವಳ ಹಿಂದೆಯೇ ಹೋಗಿ ಸಿಂಕಿನ ಹತ್ತಿರ ನಿಂತ. "ಮಮ್ಮಿ, ಇದು ನನ್ನ ಮೇಲೆ ಬಿಡು. ನಾನು ವ್ಯವಸ್ಥೆ ಮಾಡ್ತೇನೆ," ಎಂದ. ಕೆಲಸ ಹೋದ ಮೇಲೆ ಅವನು ಯಾವುದನ್ನಾದರೂ ತನ್ನ ಮೇಲೆ ಬಿಡಿ ಎಂದದ್ದು ಅದೇ ಮೊದಲು. ಅವಳು ಕೈ ಒರೆಸಿಕೊಂಡು ಆಯಿತು ಎಂದಳು. ಮನೆ ಬದಲಿಸುವ ಗಲಾಟೆಯಲ್ಲಿ ಮುದುಕಿಗೆ ತೊಂದರೆ ಬೇಡವೆಂದು ಅವಳನ್ನು ಅಲ್ ಐನ್‌ನಲ್ಲಿ ಟೀಚರ್ ಆಗಿರುವ ಮಗಳು ರೀಮಾಳ ಮನೆಗೆ ಕಳಿಸಿದರು.

ವ್ಯವಸ್ಥೆ ಸಿಕ್ಕಿದ್ದು ಉಪ್ಪಿನಂಗಡಿಯ ಮಮ್ಮುವಿನಿಂದ. ಅವನದು ದುಬೈಯ ಅಲ್ ಕುಸೈಸ್‌ನಲ್ಲಿ ಕಾರ್ಗೋ ವ್ಯಾಪಾರ. ಊರಿನವರು ಮನೆಗೆ ಕಳಿಸುವ ಹಾಲಿನ ಪುಡಿ, ಕಂಬಳಿ, ಸಾಬೂನು, ಮಿಕ್ಸಿ ಎಲ್ಲ ಅವನ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟಿಸಿಕೊಂಡು ಹಡಗಿಗೆ ಹೋಗುತ್ತಿದ್ದವು. ಸೆಪ್ಟೆಂಬರಿನ ತನಕ ಒಂದು ಮೂಲೆ ಪುಕ್ಕಟೆ ಇಟ್ಟುಕೋ, ಆದರೆ ಚೌಕಟ್ಟು ಸಮೇತ ಆಗಲಿಕ್ಕಿಲ್ಲ, ಸುತ್ತಿ ಕೊಡು ಎಂದ ಮಮ್ಮು.

ಸುತ್ತುವುದು ಸೆಡ್ರಿಕ್‌ಗೆ ಹೇಳಿಕೊಡಬೇಕಾದ ಕೆಲಸವಲ್ಲ. ಇಪ್ಪತ್ತೊಂದು ವರ್ಷ ಅವನ ಆಫೀಸಿನಲ್ಲಿ ದೊಡ್ಡ ನಕ್ಷೆಗಳನ್ನು ಅವನಷ್ಟು ಚೆನ್ನಾಗಿ ಸುತ್ತುವವರು ಇರಲಿಲ್ಲ. ಬರೆದ ಮುಖ ಒಳಗೆ, ಐದೈದು ಹಾಳೆ ಒಟ್ಟಿಗೆ, ಅಂಚಿಗೆ ಅಂಚು ಸೇರಿಸಿ, ಬೆರಳು ತೂರದಷ್ಟು ಬಿಗಿ. ಹೊರಮುಖ ಸುತ್ತಿದರೆ ಗೆರೆ ಕೊಳೆಯಾಗುತ್ತದೆ ಎಂದು ಹೊಸ ಹುಡುಗರಿಗೆ ಗದರುತ್ತಿದ್ದವನು ಅವನು. ಮೂರು ದಿನ ಖಾಲಿದಿಯಾದ ಮನೆಯ ನೆಲದ ಮೇಲೆ ಕೂತು ಮರದ ಪಟ್ಟಿಯಿಂದ ಪಿನ್ನುಗಳನ್ನು ಕಿತ್ತ. ಚಿತ್ರದ ಬಟ್ಟೆಗಳನ್ನು ಅಳೆದು, ಒಂದೇ ಅಗಲದವನ್ನು ಜೋಡಿಸಿ, ಐದೈದರಂತೆ ಸುತ್ತಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಬಿಗಿದ. ಕೊನೆಗೆ ಉಳಿದ ಒಂದನ್ನು ಬೇರೆಯೇ ಸುತ್ತಿದ. ಹದಿಮೂರು ಸುರುಳಿ. ಪ್ರತಿಯೊಂದರ ಮೇಲೆ ಅಳತೆಯನ್ನು ಓರೆ ಅಕ್ಷರದಲ್ಲಿ ಅಂದವಾಗಿ ಬರೆದ. ಹಾಡು ಗುನುಗುತ್ತಿದ್ದ. ತುದಿ ಹಿಡಿದುಕೊಂಡಿದ್ದ ಒಲಿವಿಯಾ ನಡುವೆ ಒಮ್ಮೆ, "ಡ್ಯಾಡ್, ಶುಡ್ ವಿ ಆಸ್ಕ್ ಒಮಾ?" ಎಂದಳು.

"ನಿನ್ನ ಒಮಾಗೆ ಬರೀಲಿಕ್ಕೆ ಗೊತ್ತು. ಪ್ಯಾಕ್ ಮಾಡ್ಲಿಕ್ಕೆ ನನಗೆ ಗೊತ್ತು," ಎಂದು ಅವನು ನಕ್ಕ.

ಆ ರಾತ್ರಿ ಮಾರ್ಟಿನಾ ನೀರುದೋಸೆ, ಕೋಳಿಸಾರು ಮಾಡಿದಳು. ಮೇ ತಿಂಗಳ ನಂತರ ಮೊದಲ ಬಾರಿಗೆ ಗಂಡ ಎರಡನೇ ಸಲ ಸಾರು ಹಾಕಿಸಿಕೊಂಡದ್ದನ್ನು ಅವಳು ನೋಡಿದಳು. ಅಲೈಡಾ ಫೋನ್ ಮಾಡಿ ಚಿತ್ರಗಳು ಹೇಗಿವೆ ಎಂದು ಕೇಳಿದಾಗ ಸೆಡ್ರಿಕ್ ಫಸ್ಟ್ ಕ್ಲಾಸ್ ಎಂದ.

ಈದ್ ಮುಗಿದ ಮೇಲೆ ಅಲೈಡಾ ಹೊಸ ಮನೆಗೆ ಬಂದಳು. ಹಾಲಿನಲ್ಲಿ ಅವಳಿಗೂ ಒಲಿವಿಯಾಳಿಗೂ ಎರಡು ಹಾಸಿಗೆ. ಬೆಳಿಗ್ಗೆ ಸೆಡ್ರಿಕ್ ಶರ್ಟಿಗೆ ಇಸ್ತ್ರಿ ಹಾಕಿ ಕೆಲಸ ಕೇಳಲು ಹೊರಡುತ್ತಿದ್ದ, ಮಧ್ಯಾಹ್ನದ ಊಟಕ್ಕೆ ವಾಪಸಾಗುತ್ತಿದ್ದ. ನಲವತ್ತೊಂದು ವಯಸ್ಸು ಎಂದ ಕೂಡಲೇ ಫೋನ್ ಮಾಡುತ್ತೇವೆ ಎನ್ನುತ್ತಾರೆ ಎಂದು ಒಮ್ಮೆ ಹೇಳಿದ, ಆಮೇಲೆ ಅದನ್ನೂ ಹೇಳಲಿಲ್ಲ. ಮನೆಯಲ್ಲಿ ಸಂತೋಷವಾಗಿದ್ದವಳು ಅಲೈಡಾ ಒಬ್ಬಳೇ. ಬಟಾಟೆ ಸುಲಿಯುವಾಗ, ಬಟ್ಟೆ ಮಡಚುವಾಗ ಮ್ಯೂಸಿಯಂನ ಕೋಣೆಯಲ್ಲಿ ಯಾವ ಚಿತ್ರದ ಪಕ್ಕ ಯಾವುದು ಎಂದು ಒಲಿವಿಯಾಳಿಗೆ ಹೇಳುತ್ತಿದ್ದಳು. ಮಾರ್ಟಿನಾಳೂ ಮೆತ್ತಗಾದಳು. ಕ್ಲಿನಿಕ್ಕಿನಲ್ಲಿ ಇಬ್ಬರು ಡಾಕ್ಟರರಿಗೆ ಹೇಳಿಯೂ ಬಿಟ್ಟಿದ್ದಳು, ನಮ್ಮ ಅತ್ತೆಯ ಚಿತ್ರ ಮ್ಯೂಸಿಯಂಗೆ ಹೋಗುತ್ತದೆ ಎಂದು. ಬರುವ ಅತಿಥಿಗೆ ಇಡ್ಲಿಯಂಥ ಸಾನ್ನಾಂ ಮಾಡುವುದಾ, ಪುಲಾವ್ ಮಾಡುವುದಾ ಎಂದು ಅತ್ತೆ ಸೊಸೆ ಚರ್ಚೆ ಮಾಡಿದರು.

ಆಗಸ್ಟಿನ ಮೊದಲ ಶುಕ್ರವಾರ, ಮಾರ್ಟಿನಾಳಿಗೆ ರಜೆ. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಚಿತ್ರ ತರಲು ದೊಡ್ಡ ಲಾರಿಯೇ ಬೇಕಾದೀತು, ಮೊದಲೇ ಹೇಳಿಡಬೇಕು ಎಂದು ಅಲೈಡಾ ಮಾತು ತೆಗೆದಳು. ಲಾರಿ ಯಾಕೆ, ನನ್ನ ಕಾರೇ ಸಾಕು ಎಂದ ಸೆಡ್ರಿಕ್.

"ಕಾರಿನಲ್ಲಿ ಹೇಗೆ ಹಿಡೀತದೆ?"

"ಹದಿಮೂರೇ ಸುರುಳಿ ಮಮ್ಮಿ. ಹಿಂದಿನ ಸೀಟು ಮಡಚಿದ್ರೆ ಆಯ್ತು."

ಅಲೈಡಾ ಚಮಚ ಕೆಳಗಿಟ್ಟಳು. "ಚೌಕಟ್ಟಿನಿಂದ ಬಿಚ್ಚಿದ್ಯಾ?"

"ಬಿಚ್ಚದೆ ಮತ್ತೆ? ಮಮ್ಮು ಹಾಗೇ ಹೇಳಿದ್ದು."

"ಬಣ್ಣ ಯಾವ ಕಡೆಗೆ ಸೆಡ್ರಿಕ್? ಒಳಗಾ, ಹೊರಗಾ?"

"ಒಳಗೆ. ಹೊರಗಿಟ್ರೆ ಕೊಳೆಯಾಗುದಿಲ್ವಾ?"

ಬಣ್ಣದ ಮುಖ ಒಳಗೆ ಸುತ್ತಿದರೆ ದಪ್ಪ ಬಣ್ಣ ಒತ್ತಿ ಸುಕ್ಕಾಗುತ್ತದೆಂದು ಅವಳಿಗೆ ಗೊತ್ತಿತ್ತು. ಆ ಗೋದಾಮಿನಲ್ಲಿ ಏಸಿ ಉಂಟಾ ಎಂದಳು. ತಗಡಿನ ಮಾಡು, ಫ್ಯಾನ್ ಉಂಟು ಎಂದ ಸೆಡ್ರಿಕ್. ಹೊರಗೆ ಅಂದು ನಲವತ್ತಾರು ಡಿಗ್ರಿ. ಅಲೈಡಾ ಎದ್ದು ಕೈ ತೊಳೆದು ಚಪ್ಪಲಿ ಹಾಕಿಕೊಂಡಳು. ಊಟ ಮುಗಿಸಿ ಹೋಗುವಾ ಎಂದು ಮಾರ್ಟಿನಾ ಹೇಳಿದ್ದು ಅವಳಿಗೆ ಕೇಳಲಿಲ್ಲ.

ಜುಮಾ ನಮಾಜು ಮುಗಿಸಿ ಬಂದ ಮಮ್ಮು ಬಾಗಿಲು ತೆರೆದಾಗ ಒಳಗಿನ ಗಾಳಿ ಒಲೆಯ ಬಾಯಿ ತೆರೆದಂತೆ ಮುಖಕ್ಕೆ ಹೊಡೆಯಿತು. ಕಂಬಳಿಯ ಪೆಟ್ಟಿಗೆಗಳ ಹಿಂದೆ ಹದಿಮೂರು ಸುರುಳಿಗಳು ಎತ್ತರದ ಕ್ರಮದಲ್ಲಿ ಸಾಲಾಗಿ ನೆಟ್ಟಗೆ ನಿಂತಿದ್ದವು. ಸೆಡ್ರಿಕ್ ಮೊದಲನೆಯದರ ಪ್ಲಾಸ್ಟಿಕ್ ಬಿಚ್ಚಿ ನೆಲದ ಮೇಲೆ ಇಟ್ಟು ತುದಿಯನ್ನು ಎತ್ತಿದ. ಅದು ಏಳಲಿಲ್ಲ. ಇನ್ನಷ್ಟು ಬಲ ಹಾಕಿದ. ಹಳೆಯ ಗೋಡೆಯಿಂದ ಗಾರೆ ಕಿತ್ತಂತೆ ಸದ್ದಾಯಿತು. ಒಳಗಿನ ಬಣ್ಣ ಪಕ್ಕದ ಬಟ್ಟೆಯ ಬೆನ್ನಿಗೆ ಅಂಟಿ, ಹಾಳೆ ಹಾಳೆಯಾಗಿ ಬಂತು. ಮೀನು ಮಾರುವವನ ಅರ್ಧ ಮುಖ ಈ ಕಡೆ, ಅರ್ಧ ಆ ಕಡೆ. ಹೊಸ ವಾರ್ನಿಷ್ ಕರಗಿ ಐದೂ ಬಟ್ಟೆಗಳು ಒಂದೇ ದಿಮ್ಮಿಯಾಗಿದ್ದವು.

"ನಿಲ್ಲಿಸು," ಎಂದಳು ಅಲೈಡಾ. ಅವಳೇ ಮೊಣಕಾಲೂರಿ ಕೂತು, ಅಡುಗೆಯ ಚಪ್ಪಟೆ ಚಾಕುವೊಂದನ್ನು ಚೀಲದಿಂದ ತೆಗೆದು, ಅಂಚಿನಿಂದ ಮೆಲ್ಲಗೆ ಬಿಡಿಸಲು ನೋಡಿದಳು. ಅರ್ಧ ಗಂಟೆಯಲ್ಲಿ ಒಂದು ಗೇಣು ಬಂತು. ಅದರ ಮೇಲೆ ಏನೂ ಇರಲಿಲ್ಲ, ಬರೀ ಬಟ್ಟೆ. ಮುಂದಿನದ್ದನ್ನು ಬಿಚ್ಚು ಎಂದಳು. ಹೀಗೆ ಹದಿಮೂರನ್ನೂ ನೋಡಿದರು. ಒಂಟಿಯಾಗಿ ಸುತ್ತಿದ್ದ ಕೊನೆಯದೂ ತನಗೆ ತಾನೇ ಅಂಟಿಕೊಂಡಿತ್ತು. ಮಮ್ಮು ತಣ್ಣನೆ ಮಜ್ಜಿಗೆ ತರಿಸಿ, ಕುಡಿಯಿರಿ ಎಂದು ಹೇಳಲೂ ಆಗದೆ ಹಿಡಿದುಕೊಂಡು ನಿಂತಿದ್ದ.

ಮನೆಗೆ ಬಂದ ಮೇಲೆ ಗಂಡ ಹೆಂಡತಿ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಜಗಳವಾಡಿದರು. ಬಾಗಿಲು ತೆಳ್ಳಗೆ, ಹಾಲಿಗೆ ಎಲ್ಲ ಕೇಳುತ್ತಿತ್ತು.

"ಒಂದು ಮಾತು ಕೇಳ್ಬೇಕಿತ್ತಲ್ಲ ನೀವು. ಫೋನ್ ಇರಲಿಲ್ವಾ?"

"ಏಸಿ ಗೋದಾಮು ಬೇಡ ಅಂದದ್ದು ಯಾರು?"

ಮಾರ್ಟಿನಾ, "ನಾನೇ. ಆ ದುಡ್ಡಲ್ಲಿ ನಿಮ್ಮ ಮಗಳು ಸ್ಕೂಲಿಗೆ ಹೋಗ್ತಿದ್ದಾಳೆ," ಎಂದಳು. ಹೊರಗೆ ಒಲಿವಿಯಾ, ಐ ಆಸ್ಕ್ಡ್ ಹಿಮ್, ಒಮಾ, ಐ ಆಸ್ಕ್ಡ್ ಎಂದು ಅಳುತ್ತಿದ್ದಳು. ಅಲೈಡಾ ಅವಳ ಬೆನ್ನು ತಟ್ಟುತ್ತಾ ಟಿವಿಯ ಕಡೆ ನೋಡುತ್ತಿದ್ದಳು. ಟಿವಿ ಹಾಕಿರಲಿಲ್ಲ.

ಒಲಿವಿಯಾ ಇಂಟರ್ನೆಟ್ಟಿನಲ್ಲಿ ಹುಡುಕಿ, ಹಳೆಯ ಚಿತ್ರ ದುರಸ್ತಿ ಮಾಡುವ ಒಬ್ಬರಿಗೆ ಫೋಟೋ ಕಳಿಸಿದಳು. ಅರುವತ್ತೊಂದರಲ್ಲಿ ಒಂದೋ ಎರಡೋ, ಅದೂ ತುಂಡುತುಂಡಾಗಿ ಉಳಿಸಬಹುದು, ಒಂದೊಂದಕ್ಕೂ ಆರು ತಿಂಗಳ ಕೆಲಸ ಎಂದು ಅವರು ಉತ್ತರಿಸಿದರು. ಖರ್ಚು ಕೇಳಿದ ಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಮ್ಯೂಸಿಯಂಗೆ ಬರೆಯಬೇಕು ಎಂದು ಅಲೈಡಾಳೇ ಹೇಳಿದಳು. ಅವಳು ಹೇಳಿದಂತೆ ಒಲಿವಿಯಾ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷಿನಲ್ಲಿ ಬರೆದಳು. ಕೆಲವು ಹಾಳಾಗಿವೆ ಅಂತ ಹಾಕಲಾ, ಅವರು ಆದರೂ ಬರಬಹುದು ಎಂದು ಹುಡುಗಿ ಕೇಳಿದಳು.

"ಎಲ್ಲ ಅಂತ ಬರಿ," ಎಂದಳು ಅಲೈಡಾ. "ಅವರು ಬಂದು ಏನು ನೋಡುವುದು?"

ಹಾಳಾದದ್ದು ಹೇಗೆ ಅಂತ ಬರೆಯುವುದು ಎಂದು ಒಲಿವಿಯಾ ತಂದೆಯ ಕಡೆ ನೋಡಿದಳು. ಸೆಖೆಯಿಂದ ಅಂತ ಬರಿ ಎಂದಳು ಅಲೈಡಾ.

ಮೂರು ದಿನಕ್ಕೆ ಉತ್ತರ ಬಂತು. ತುಂಬಾ ವಿಷಾದವಾಯಿತು. ಟಿಕೆಟು ರದ್ದು ಮಾಡಿದ್ದೇವೆ. ಆ ಕೋಣೆಯನ್ನು ಅದೇ ಊರಿನ, ಜಾವಾದಲ್ಲಿದ್ದ ಇನ್ನೊಬ್ಬ ಹೆಂಗಸಿಗೆ ಕೊಡುತ್ತೇವೆ. ಆದರೂ ನಮ್ಮ ಕಡತದಲ್ಲಿ ಇಡಲು ಚಿತ್ರಗಳ ಒಂದು ಪಟ್ಟಿ ಕಳಿಸುವಿರಾ, ಹೆಸರು, ಬರೆದ ವರ್ಷ, ಅಳತೆ.

ಅಲೈಡಾಳ ತೊಂಬತ್ತು ದಿನ ಸೆಪ್ಟೆಂಬರ್ ಇಪ್ಪತ್ತಕ್ಕೆ ಮುಗಿಯುತ್ತಿತ್ತು. ಹಾಲೆಂಡಿನಲ್ಲಿರುವ ಅವಳ ತಂಗಿಯ ಮಗಳು ವೃದ್ಧಾಶ್ರಮವೊಂದರಲ್ಲಿ ಕೋಣೆ ಗೊತ್ತು ಮಾಡಿದ್ದಳು. ಮಾರ್ಟಿನಾ ಅತ್ತೆಗೆ ದಪ್ಪದ ಸ್ವೆಟರ್ ಎರಡು ತಂದಳು. ಬಣ್ಣ ಸರಿಯಿಲ್ಲದಿದ್ದರೆ ಬದಲಿಸಿ ಕೊಡುತ್ತಾರೆ ಎಂದಳು. ಬಣ್ಣ ಯಾವುದಾದರೂ ಆದೀತು ಎಂದಳು ಅಲೈಡಾ. ಮಮ್ಮು ಎರಡು ಸಲ ಫೋನ್ ಮಾಡಿ, ಮೂಲೆ ಬೇಕಾಗಿತ್ತು ಎಂದು ಹೇಳಲಾಗದೆ ಬೇರೇನೋ ಮಾತಾಡಿ ಇಟ್ಟ. ಮೂರನೇ ಸಲ ಸೆಡ್ರಿಕ್‌ನೇ, "ಖಲಾಸ್ ಮಾಡಿಸು ಮಮ್ಮು," ಎಂದ.

ಪಟ್ಟಿ ಮಾಡಲು ತಾಯಿ ಮಗ ಕೂತದ್ದು ಒಂದು ಶನಿವಾರ ಸಂಜೆ, ಊಟದ ಮೇಜಿನಲ್ಲಿ. ಮಾರ್ಟಿನಾ ಡ್ಯೂಟಿಗೆ ಹೋಗಿದ್ದಳು, ಒಲಿವಿಯಾ ಟ್ಯೂಷನ್‌ನಲ್ಲಿದ್ದಳು. ಅಲೈಡಾ ಹೆಸರು, ವರ್ಷ ಹೇಳುತ್ತಿದ್ದಳು. ಅಳತೆ ನೆನಪಿಲ್ಲ, ಹಾಗೇ ಬಿಡು ಎಂದಳು.

"ನನಗೆ ನೆನಪುಂಟು," ಎಂದ ಸೆಡ್ರಿಕ್.

ಅವಳು ದೊಡ್ಡದು, ಕಪ್ಪು ಅಂಚಿನದ್ದು ಎಂದೋ, ಮೂಲೆಯಲ್ಲಿ ಬಟ್ಟೆ ಹೊಲಿದದ್ದು ಎಂದೋ ಗುರುತು ಹೇಳಿದರೆ ಅವನು ಅಳತೆ ಬರೆಯುತ್ತಿದ್ದ. ನಲವತ್ತೆಂಟು ಇಂಚು, ಮೂವತ್ತಾರು. ಇಪ್ಪತ್ತೆಂಟೂವರೆ, ಇಪ್ಪತ್ತೆರಡು. ಒಂದೂ ತಡವರಿಸಲಿಲ್ಲ. ಇಪ್ಪತ್ತೆರಡನೆಯದು ಬರೆದ ಮೇಲೆ ಅಲೈಡಾ ಕನ್ನಡಕ ತೆಗೆದು ಅವನನ್ನು ನೋಡಿದಳು.

"ಅರ್ಧ ಇಂಚು ಸಮೇತ ನೆನಪುಂಟಲ್ಲ ನಿನಗೆ. ಅದರಲ್ಲಿ ಎಂತ ಇತ್ತು ಹೇಳು ನೋಡುವಾ."

ಸೆಡ್ರಿಕ್ ಪೆನ್ನು ಹಿಡಿದುಕೊಂಡೇ ಕೂತ. ಆ ಬಟ್ಟೆಯ ಪಿನ್ನುಗಳನ್ನು ಕಿತ್ತದ್ದು, ಅಂಚು ಜೋಡಿಸಿದ್ದು, ಐದರಲ್ಲಿ ಅದು ಎಷ್ಟನೆಯದಾಗಿತ್ತು ಅನ್ನುವುದು ಎಲ್ಲ ಅವನ ಕಣ್ಣಿಗೆ ಬಂತು.

"ಗೊತ್ತಿಲ್ಲ," ಎಂದ. "ನಾನು ನೋಡ್ಲೇ ಇಲ್ಲ. ಒಂದು ಮಾತಾದ್ರೂ ಬೈಯಿ ಮಮ್ಮಿ."

"ಬೈದು ಏನಾಗ್ಬೇಕು. ನೀನು ಸಣ್ಣವನಿರುವಾಗ ನಾನು ಬರೀಲಿಕ್ಕೆ ಕೂತ್ರೆ ಒಳಗಿಂದ ಚಿಲಕ ಹಾಕ್ತಿದ್ದೆ. ನೀನು ಬಾಗಿಲು ಬಡೀತಿದ್ದಿ. ಬಡಿದು ಬಡಿದು ಅಲ್ಲೇ ಹೊರಗೆ ನಿದ್ದೆ ಮಾಡ್ತಿದ್ದಿ. ಒಂದು ದಿನ ಒಳಗೆ ಬಿಟ್ಟಿದ್ರೆ ನಿನಗೆ ಗೊತ್ತಿರ್ತಿತ್ತು, ಸುತ್ತುವಾಗ ಬಣ್ಣ ಹೊರಗೆ ಬರ್ಬೇಕು ಅಂತ."

ಅವಳು ಕನ್ನಡಕ ಮತ್ತೆ ಹಾಕಿಕೊಂಡಳು. ಇನ್ನೂ ಮೂವತ್ತೊಂಬತ್ತು ಉಳಿದಿದ್ದವು.

"ಬರಿ," ಎಂದಳು. "ಇಪ್ಪತ್ತಮೂರು. ಅಡುಗೆಮನೆ, ೧೯೮೩."

ಅವನು ಬರೆದು, ಎದುರಿಗೆ ಅಳತೆ ಹಾಕಿದ.